ಜೀವಕೋಶದ ಹಿಡಿತ: ಆಲ್ಫಾ–ಬೀಟಾ ಜೋಡಿಯ ಕಥೆ



ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ತುಂಡು ಒಣಗಿ ಉದುರುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ನಿಮ್ಮ ಮನೆಯಲ್ಲಿ ಅಜ್ಜಿಯನ್ನೋ ತಾಯಿಯನ್ನೋ ಕೇಳಿ ನೋಡಿ. ಒಂದು ವಾರ, ಹೆಚ್ಚೆಂದರೆ ಎರಡು ವಾರ ಎಂದು ಹೇಳುತ್ತಾರೆ. ಬಾಣಂತಿಯ ಕೋಣೆಯಲ್ಲಿ ಅದೊಂದು ಸಣ್ಣ ಸಂಗತಿ. ಆದರೆ ಮೂರು ವಾರ, ನಾಲ್ಕು ವಾರ ಕಳೆದರೂ ಬಳ್ಳಿ ಬೀಳದೆ, ಹೊಕ್ಕುಳಿನ ಸುತ್ತ ಕೆಂಪಾಗಿ, ಮಗುವಿಗೆ ಜ್ವರ ಕಾಣಿಸಿಕೊಂಡರೆ? 1979ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಶಿಶುಗಳನ್ನು ಕುರಿತು ಒಂದು ವರದಿ ಬಂತು. ಹೊಕ್ಕುಳಬಳ್ಳಿ ತಡವಾಗಿ ಬೀಳುವುದು, ಮೈಯಲ್ಲಿ ಹಲವು ಕಡೆ ಸೋಂಕು, ಬಿಳಿ ರಕ್ತಕಣಗಳ ಚಲನೆಯಲ್ಲಿ ದೋಷ – ಈ ಮೂರೂ ಒಂದೇ ಮಗುವಿನಲ್ಲಿ ಒಟ್ಟಿಗೆ ಕಾಣುತ್ತಿದ್ದವು.

ಈ ಕಾಯಿಲೆಯ ಇನ್ನೊಂದು ಲಕ್ಷಣ ವೈದ್ಯರನ್ನು ಬೆರಗುಗೊಳಿಸುವಂಥದು. ಹುಣ್ಣು ಇರುತ್ತದೆ, ಸೋಂಕು ಇರುತ್ತದೆ, ಆದರೆ ಕೀವು ಇರುವುದಿಲ್ಲ. ಕೀವು ಎಂದರೆ ಏನು? ರೋಗಾಣುಗಳೊಡನೆ ಹೋರಾಡಿ ಸತ್ತ ಬಿಳಿ ರಕ್ತಕಣಗಳ ರಾಶಿ. ಕೀವು ಇಲ್ಲ ಎಂದರೆ ಬಿಳಿ ಕಣಗಳು ಅಲ್ಲಿಗೆ ಬಂದೇ ಇಲ್ಲ ಎಂದಾಯಿತು. ಹಾಗಾದರೆ ಮಗುವಿನ ರಕ್ತದಲ್ಲಿ ಬಿಳಿ ಕಣಗಳೇ ಇಲ್ಲವೋ? ಪರೀಕ್ಷೆ ಮಾಡಿದರೆ ಮಾಮೂಲಿಗಿಂತ ಬಹಳ ಹೆಚ್ಚಾಗಿಯೇ ಇವೆ! ಸೈನ್ಯ ರಸ್ತೆಯ ತುಂಬ ಓಡಾಡುತ್ತಿದೆ; ಬೆಂಕಿ ಬಿದ್ದ ಮನೆಯ ಮುಂದೆ ವಾಹನದಿಂದ ಇಳಿಯಲು ಮಾತ್ರ ಅದಕ್ಕೆ ಆಗುತ್ತಿಲ್ಲ.

ಇಳಿಯುವುದು ಸುಲಭದ ಕೆಲಸವಲ್ಲ. ರಕ್ತ ಹರಿಯುವ ವೇಗದಲ್ಲಿ ತೇಲಿ ಹೋಗುತ್ತಿರುವ ಕಣವೊಂದು ರಕ್ತನಾಳದ ಗೋಡೆಗೆ ಮೊದಲು ಹಗುರವಾಗಿ ತಗುಲಿ ಗೋಲಿಯಂತೆ ಉರುಳುತ್ತದೆ. ಇದಕ್ಕೆ ಸೆಲೆಕ್ಟಿನ್ ಎಂಬ ಪ್ರೋಟೀನುಗಳು ಸಾಕು. ಆಮೇಲೆ ಅದು ಗಟ್ಟಿಯಾಗಿ ನಿಲ್ಲಬೇಕು. ನಿಂತ ಮೇಲೆಯೇ ಗೋಡೆಯ ಕೋಶಗಳ ನಡುವೆ ನುಸುಳಿ ಹೊರಗೆ ಬಂದು ರೋಗಾಣುಗಳಿರುವ ಕಡೆಗೆ ತೆವಳಬಹುದು. ಈ ಮಕ್ಕಳ ಬಿಳಿ ಕಣಗಳು ಉರುಳುತ್ತವೆ, ಆದರೆ ನಿಲ್ಲಲಾರವು. ಅವುಗಳಿಗೆ ಹಿಡಿತವಿಲ್ಲ. ಹೊಕ್ಕುಳಬಳ್ಳಿ ಉದುರುವುದಕ್ಕೂ ಬಿಳಿ ಕಣಗಳು ಅಲ್ಲಿಗೆ ಬಂದು ಬುಡದ ಅಂಗಾಂಶವನ್ನು ಕರಗಿಸಬೇಕು. ಅವು ಬಾರದಿದ್ದರೆ ಬಳ್ಳಿ ಅಂಟಿಕೊಂಡೇ ಉಳಿಯುತ್ತದೆ.

ಹಿಡಿತ ಕೊಡುವ ಪ್ರೋಟೀನುಗಳು ಯಾವುವು ಎಂದು ಹುಡುಕಿದಾಗ ಒಂದು ಒಗಟು ಎದುರಾಯಿತು. ಆ ಹೊತ್ತಿಗೆ ಬಿಳಿ ಕಣಗಳ ಮೇಲ್ಮೈಯಲ್ಲಿ ಎಲ್‌ಎಫ್‌ಎ-1, ಮ್ಯಾಕ್-1, ಪಿ150,95 ಎಂಬ ಮೂರು ಪ್ರೋಟೀನುಗಳು ಗೊತ್ತಿದ್ದವು. ಮೂರಕ್ಕೂ ಎರಡೆರಡು ಸರಪಳಿ: ಒಂದು ದೊಡ್ಡದು, ಒಂದು ಚಿಕ್ಕದು. ಮೂರನೆಯದರ ಹೆಸರನ್ನು ನೋಡಿದರೇ ತಿಳಿಯುತ್ತದೆ – ದೊಡ್ಡ ಸರಪಳಿಯ ಅಣುತೂಕ ಸುಮಾರು 150 ಸಾವಿರ, ಚಿಕ್ಕದರದು 95 ಸಾವಿರ. ವಿಜ್ಞಾನಿಗಳು ಹೆಸರಿಡುವಾಗ ಎಷ್ಟು ಅರಸಿಕರು ನೋಡಿ! ಈ ಮಕ್ಕಳ ಬಿಳಿ ಕಣಗಳ ಮೇಲೆ ಮೂರಲ್ಲಿ ಒಂದೂ ಇರಲಿಲ್ಲ, ಅಥವಾ ತೀರ ಕಡಿಮೆ ಇತ್ತು. ಅನುವಂಶೀಯ ಕಾಯಿಲೆಯಲ್ಲಿ ಸಾಮಾನ್ಯವಾಗಿ ಒಂದು ಜೀನು ಕೆಟ್ಟಿರುತ್ತದೆ, ಒಂದು ಪ್ರೋಟೀನು ಕಾಣೆಯಾಗಿರುತ್ತದೆ. ಇಲ್ಲಿ ಮೂರು ಪ್ರೋಟೀನುಗಳು ಒಟ್ಟಿಗೆ ಹೇಗೆ ಮಾಯವಾದವು?

ಅಮೆರಿಕದ ತಿಮೋತಿ ಸ್ಪ್ರಿಂಗರ್ ಮತ್ತು ಸಂಗಡಿಗರು 1984ರಲ್ಲಿ ಇದರ ಗಂಟನ್ನು ಬಿಚ್ಚಿದರು. ಮೂರು ಪ್ರೋಟೀನುಗಳ ದೊಡ್ಡ ಸರಪಳಿಗಳು, ಅಂದರೆ ಆಲ್ಫಾ ಸರಪಳಿಗಳು, ಬೇರೆ ಬೇರೆ. ಆದರೆ ಚಿಕ್ಕದು, ಬೀಟಾ ಸರಪಳಿ, ಮೂರಕ್ಕೂ ಒಂದೇ. ರೋಗಿಗಳ ಕೋಶಗಳ ಒಳಗೆ ಇಣುಕಿದಾಗ ಇನ್ನೂ ಸ್ವಾರಸ್ಯದ ಸಂಗತಿ ಕಂಡಿತು: ಆಲ್ಫಾ ಸರಪಳಿಯ ಎಳೆಯ ರೂಪ ಅಲ್ಲಿ ಮಾಮೂಲಿ ಪ್ರಮಾಣದಲ್ಲೇ ತಯಾರಾಗುತ್ತಿತ್ತು. ತಯಾರಾದರೂ ಅದು ಪಕ್ವವಾಗುತ್ತಿರಲಿಲ್ಲ, ಕೋಶದ ಮೇಲ್ಮೈಗೆ ಬರುತ್ತಿರಲಿಲ್ಲ. ಕೆಟ್ಟದ್ದು ಬೀಟಾ, ಅದರೊಡನೆ ಕಟ್ಟುಬಿದ್ದ ಆಲ್ಫಾಗಳೆಲ್ಲ ಒಳಗೇ ಉಳಿದವು. ಬೀಟಾ-2 ಎಂದು ಕರೆಯುವ ಈ ಸರಪಳಿಯ ಜೀನಿನಲ್ಲಿ ರೋಗಿಯಿಂದ ರೋಗಿಗೆ ಬೇರೆ ಬೇರೆ ದೋಷಗಳಿವೆ ಎಂದು 1987ರಲ್ಲಿ ಖಚಿತವಾಯಿತು. ಜೀನು ಇರುವುದು 21ನೆಯ ವರ್ಣತಂತುವಿನಲ್ಲಿ. 1995ರಲ್ಲಿ ಇದೇ ಬೀಟಾಕ್ಕೆ ಜೊತೆಯಾಗುವ ನಾಲ್ಕನೆಯ ಆಲ್ಫಾ ಕೂಡ ಪತ್ತೆಯಾಯಿತು.

ಒಂದು ತಪ್ಪಿನಿಂದ ಇಷ್ಟು ಕಾಣೆಯಾಗಬೇಕಾದರೆ, ಜೋಡಿಯಾಗುವುದು ಈ ಪ್ರೋಟೀನುಗಳ ಬದುಕಿನಲ್ಲಿ ಅಲಂಕಾರದ ಸಂಗತಿಯಲ್ಲ, ಅದು ಹೊರಗೆ ಬರುವುದಕ್ಕೆ ಪರವಾನಗಿ. ಇಂದಿನ ನಮ್ಮ ಮಾತು ಈ ಪರವಾನಗಿಯನ್ನು ಕುರಿತದ್ದು.

ಈ ಕುಟುಂಬಕ್ಕೆ ಇಂಟೆಗ್ರಿನ್ ಎಂಬ ಹೆಸರು ಬಂದದ್ದು 1986ರಲ್ಲಿ, ಅಮೆರಿಕದ ಎಂ.ಐ.ಟಿ.ಯ ರಿಚರ್ಡ್ ಹೈನ್ಸ್ ಅವರ ಪ್ರಯೋಗಶಾಲೆಯಿಂದ. ಕೋಶದ ಹೊರಗಿನ ನಾರಿನ ಜಾಲವನ್ನೂ ಒಳಗಿನ ಅಸ್ಥಿಪಂಜರವನ್ನೂ ಒಂದುಗೂಡಿಸುವ ಪ್ರೋಟೀನು ಎಂಬ ಅರ್ಥದಲ್ಲಿ ಆ ಹೆಸರು. ಹೈನ್ಸ್, ಸ್ಪ್ರಿಂಗರ್ ಹಾಗೂ ಎರ್ಕಿ ರುವೊಸ್ಲಾತಿ ಈ ಮೂವರಿಗೆ 2022ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ದೊರೆಯಿತು. ರುವೊಸ್ಲಾತಿಯವರ ವಿಷಯಕ್ಕೆ ಮುಂದೆ ಬರುತ್ತೇನೆ.

ನಮ್ಮ ಮನೆಗಳ ಅಡಕತ್ತರಿಯನ್ನು ನೆನಪಿಗೆ ತಂದುಕೊಳ್ಳಿ. ಎರಡು ತೋಳು, ಎರಡೂ ಒಂದೇ ಥರ ಇಲ್ಲ. ಒಂದಕ್ಕೆ ಅಲಗು, ಇನ್ನೊಂದು ಆನಿಕೆ. ಬಿಡಿಯಾಗಿ ಎರಡೂ ಕಬ್ಬಿಣದ ತುಂಡುಗಳೇ. ತಲೆಯ ಹತ್ತಿರ ಮೊಳೆ ಹೊಡೆದು ಕೂಡಿಸಿದಾಗ ಮಾತ್ರ ಅಡಿಕೆ ಸಿಕ್ಕಿಕೊಳ್ಳುವ ಬಾಯಿ ಉಂಟಾಗುತ್ತದೆ. ಇಂಟೆಗ್ರಿನ್ ಕೂಡ ಹೀಗೆಯೇ. ಆಲ್ಫಾ ಸರಪಳಿಯಲ್ಲಿ ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳು, ಬೀಟಾದಲ್ಲಿ ಸಾಮಾನ್ಯವಾಗಿ ಏಳುನೂರೈವತ್ತರ ಆಸುಪಾಸು. ಎರಡರ ತಲೆಗಳೂ ಕೋಶದ ಹೊರಗೆ ಒಂದನ್ನೊಂದು ಒತ್ತಿಕೊಂಡಿರುತ್ತವೆ. ಕೆಳಗೆ ಎರಡು ಉದ್ದನೆಯ ಕಾಲುಗಳು; ಪ್ರತಿಯೊಂದು ಕಾಲೂ ಕೋಶಪೊರೆಯನ್ನು ಒಂದು ಸಲ ದಾಟಿ ಒಳಗೆ ಚಿಕ್ಕ ಬಾಲವಾಗಿ ಕೊನೆಯಾಗುತ್ತದೆ.

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಮನುಷ್ಯನಲ್ಲಿ 18 ಬಗೆಯ ಆಲ್ಫಾ, 8 ಬಗೆಯ ಬೀಟಾ ಇವೆ. ಆಲ್ಫಾಗಳನ್ನು ಸಾಲಾಗಿ ಕೆಳಕ್ಕೂ ಬೀಟಾಗಳನ್ನು ಅಡ್ಡಕ್ಕೂ ಬರೆಯಿರಿ. ಯಾರು ಯಾರ ಜೊತೆಗಾದರೂ ಸೇರಬಹುದು ಎಂದಾದರೆ 144 ಮನೆಗಳೂ ತುಂಬಬೇಕು. ನಿಜವಾಗಿ ತುಂಬುವುದು 24 ಮಾತ್ರ. ಬೀಟಾ-1 ಬಹಳ ಸ್ನೇಹಶೀಲ: ಆಲ್ಫಾ-1ರಿಂದ ಆಲ್ಫಾ-11ರ ವರೆಗಿನ ಎಲ್ಲವುಗಳೊಡನೆ, ಜೊತೆಗೆ ಆಲ್ಫಾ-ವಿ ಎಂಬುದರೊಡನೆ, ಒಟ್ಟು 12 ಜೋಡಿ. ಬೀಟಾ-2ಕ್ಕೆ ನಾನಾಗಲೇ ಹೇಳಿದ ನಾಲ್ಕು. ಬೀಟಾ-3ಕ್ಕೆ ಎರಡು: ಆಲ್ಫಾ-ವಿ ಮತ್ತು ಆಲ್ಫಾ-ಎರಡು-ಬಿ. ಬೀಟಾ-7ಕ್ಕೂ ಎರಡು: ಆಲ್ಫಾ-4 ಮತ್ತು ಆಲ್ಫಾ-ಇ. ಬೀಟಾ-4 ಸೇರುವುದು ಆಲ್ಫಾ-6ರೊಡನೆ ಮಾತ್ರ. ಬೀಟಾ-5, 6, 8 ಈ ಮೂರೂ ಆಲ್ಫಾ-ವಿಯನ್ನೇ ನೆಚ್ಚಿಕೊಂಡಿವೆ. ಕೂಡಿಸಿ ನೋಡಿ, 24 ಬರುತ್ತದೆ. ಆಲ್ಫಾ-ವಿಯ ಸಾಲಿನಲ್ಲಿ ಐದು ಗುರುತು, ಆಲ್ಫಾ-5ರ ಸಾಲಿನಲ್ಲಿ ಒಂದೇ ಗುರುತು. ಈ ಕಾಗದವನ್ನು ಎಸೆಯಬೇಡಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಚಿಕ್ಕ ಜೀವಿಗಳಿಗೆ ಇಷ್ಟು ವೈಭವವಿಲ್ಲ. ಪ್ರಯೋಗಶಾಲೆಗಳಲ್ಲಿ ಸಾಕುವ ಸಿ. ಎಲಿಗಾನ್ಸ್ ಎಂಬ ದುಂಡು ಹುಳುವಿನಲ್ಲಿ ಎರಡು ಆಲ್ಫಾ, ಒಂದು ಬೀಟಾ. ಹಣ್ಣಿನ ನೊಣದಲ್ಲಿ ಐದು ಆಲ್ಫಾ, ಎರಡು ಬೀಟಾ. ನೊಣದ ರೆಕ್ಕೆ ಎರಡು ಪದರಗಳನ್ನು ಅಂಟಿಸಿ ಮಾಡಿದ್ದು. ಅದರ ಇಂಟೆಗ್ರಿನ್ ಕೆಟ್ಟರೆ ಪದರಗಳು ಬಿಟ್ಟುಕೊಂಡು ರೆಕ್ಕೆ ಪೂರಿಯಂತೆ ಉಬ್ಬುತ್ತದೆ.

ಜೋಡಿ ಕೂಡುವುದು ಎಲ್ಲಿ? ಕೋಶದ ಮೇಲ್ಮೈಯಲ್ಲಿ ಅಲ್ಲ. ಕಾಲೇಜಿನ ಜೀವಶಾಸ್ತ್ರದಲ್ಲಿ ನೀವು ಓದುವ ಎಂಡೋಪ್ಲಾಸ್ಮಿಕ್ ಜಾಲದೊಳಗೆ, ಸರಪಳಿಗಳು ಹುಟ್ಟುವ ಜಾಗದಲ್ಲೇ. ಅಲ್ಲಿ ಕ್ಯಾಲ್‌ನೆಕ್ಸಿನ್ ಮೊದಲಾದ ಸಹಾಯಕ ಪ್ರೋಟೀನುಗಳು ಹೊಸ ಸರಪಳಿಯನ್ನು ಹಿಡಿದು ಅದು ಸರಿಯಾಗಿ ಮಡಿಚಿಕೊಳ್ಳುವಂತೆ ನೋಡಿಕೊಳ್ಳುತ್ತವೆ. ಸರಿಯಾಗಿ ಮಡಿಚಿಕೊಂಡು ಜೊತೆಗಾರನನ್ನು ಕೂಡಿದವು ಗಾಲ್ಗಿ ಸಂಕೀರ್ಣದ ಕಡೆ ಸಾಗುತ್ತವೆ. ಒಂಟಿಯಾಗಿ ಉಳಿದವು ಅಲ್ಲೇ ತಡೆಯಲ್ಪಟ್ಟು, ಕಡೆಗೆ ಕೋಶದ ತ್ಯಾಜ್ಯ ವಿಲೇವಾರಿಗೆ ಹೋಗುತ್ತವೆ. ಕೂಡಿದ ಆಲ್ಫಾಗಳಲ್ಲಿ ಕೆಲವನ್ನು ಗಾಲ್ಗಿಯಲ್ಲಿ ಒಂದು ಕಿಣ್ವ ಎರಡಾಗಿ ಕತ್ತರಿಸುತ್ತದೆ. ತುಂಡುಗಳು ಗಂಧಕದ ಬಂಧದಿಂದ ಒಂದಕ್ಕೊಂದು ಕಟ್ಟಿಕೊಂಡೇ ಇರುತ್ತವೆ. ಪ್ರಯೋಗ ಮಾಡುವವರಿಗೆ ಈ ಕತ್ತರಿಯ ಗುರುತು ಬಹಳ ಉಪಕಾರಿ: ಆಲ್ಫಾ ಕತ್ತರಿಸಲ್ಪಟ್ಟಿದ್ದರೆ ಅದು ಗಾಲ್ಗಿಯನ್ನು ಮುಟ್ಟಿದೆ, ಇಡಿಯಾಗಿದ್ದರೆ ಇನ್ನೂ ಹಿಂದೆಯೇ ಇದೆ ಎಂದು ತಿಳಿಯಬಹುದು.

ಕೋಶದ ಲೆಕ್ಕಾಚಾರವೂ ಚೆನ್ನಾಗಿದೆ. ಅನೇಕ ಕೋಶಗಳು ಬೀಟಾ-1ನ್ನು ಬೇಕಾದ್ದಕ್ಕಿಂತ ಹೆಚ್ಚಾಗಿ ತಯಾರಿಸಿ ಒಳಗೆ ದಾಸ್ತಾನು ಇಟ್ಟುಕೊಳ್ಳುತ್ತವೆ. ಆಲ್ಫಾ ಬಂದಂತೆ ಅದಕ್ಕೊಂದು ಬೀಟಾ ಸಿಗುತ್ತದೆ, ಜೋಡಿ ಹೊರಡುತ್ತದೆ. ಆದ್ದರಿಂದ ಮೇಲ್ಮೈಯಲ್ಲಿ ಯಾವ ಜೋಡಿ ಎಷ್ಟು ಇರಬೇಕು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಆಲ್ಫಾ. ಕೋಶವೊಂದು ತನ್ನ ಹಿಡಿತದ ಸ್ವಭಾವವನ್ನು ಬದಲಿಸಿಕೊಳ್ಳಬೇಕಾದರೆ ಹೊಸ ಆಲ್ಫಾವನ್ನು ತಯಾರಿಸಿದರೆ ಸಾಕು, ಎರಡನ್ನೂ ಹೊಸದಾಗಿ ಮಾಡಬೇಕಿಲ್ಲ.

ಕೂಡುವ ತಲೆಗಳ ಆಕಾರವನ್ನು ನಾವು ಕಣ್ಣಾರೆ ಕಂಡದ್ದು 2001ರಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅಮಿನ್ ಅರ್ನಾಟ್ ಅವರ ತಂಡ ಆಲ್ಫಾ-ವಿ ಬೀಟಾ-3 ಜೋಡಿಯ ಹೊರಭಾಗವನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ ಚಿತ್ರ ಬಿಡಿಸಿತು. ಆಲ್ಫಾದ ತಲೆ ಏಳು ಅಲಗುಗಳ ಚಕ್ರ, ನಡುವೆ ಒಂದು ತೂತು. ಬೀಟಾದ ತಲೆಯಿಂದ ಒಂದು ಅಮೈನೋ ಆಮ್ಲ, 261ನೆಯ ಸ್ಥಾನದ ಆರ್ಜಿನೀನ್, ಹೊರಕ್ಕೆ ಚಾಚಿ ನೇರವಾಗಿ ಆ ತೂತಿನೊಳಗೆ ಹೊಕ್ಕಿದೆ. ಬೀಸುವ ಕಲ್ಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೆಳಗಿನ ಕಲ್ಲಿನ ಗೂಟ ಮೇಲಿನ ಕಲ್ಲಿನ ಕಣ್ಣಿನಲ್ಲಿ ಕೂರುವಂತೆಯೇ. ಒಂದು ವ್ಯತ್ಯಾಸವಿದೆ, ಇಲ್ಲಿ ಕಲ್ಲು ತಿರುಗುವುದಿಲ್ಲ. ತೂತಿನ ಸುತ್ತ ಉಂಗುರದಾಕಾರದ ಅಮೈನೋ ಆಮ್ಲಗಳು ನಿಂತು ಗೂಟವನ್ನು ಬಿಗಿಹಿಡಿಯುತ್ತವೆ. ಅಕ್ಕಪಕ್ಕದ ಮೇಲ್ಮೈಗಳೂ ಒಂದಕ್ಕೊಂದು ಒಪ್ಪುವಂತಿರಬೇಕು. ಬೀಟಾದ ಒಂದು ಕುಣಿಕೆಯ ಆಕಾರ ಬೇರೆಯಾದರೆ ಜೊತೆಗಾರನ ಆಯ್ಕೆಯೂ ಬೇರೆಯಾಗುತ್ತದೆ. 144ರಲ್ಲಿ 120 ಮನೆ ಖಾಲಿ ಉಳಿಯುವುದಕ್ಕೆ ಒಂದು ಕಾರಣ ಈ ಒಪ್ಪಿಗೆ ಇಲ್ಲದಿರುವುದು. ಇನ್ನೊಂದು ಕಾರಣ, ಎಷ್ಟೋ ಸರಪಳಿಗಳು ಒಂದೇ ಕೋಶದಲ್ಲಿ ಹುಟ್ಟುವುದೇ ಇಲ್ಲ.

ಎರಡು ಸರಪಳಿ ಏಕೆ ಬೇಕು, ಒಂದೇ ಸಾಕಾಗುತ್ತಿರಲಿಲ್ಲವೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕಾಗಿ ರುವೊಸ್ಲಾತಿಯವರ ಬಳಿಗೆ ಹೋಗೋಣ. ಫೈಬ್ರೊನೆಕ್ಟಿನ್ ಎಂಬುದು ಕೋಶಗಳ ನಡುವಿನ ಜಾಲದ ಒಂದು ದೈತ್ಯ ಪ್ರೋಟೀನು. ಅದರ ಒಂದೊಂದು ಎಳೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳು. ಕೋಶಗಳು ಅದನ್ನು ಹಿಡಿದುಕೊಳ್ಳುವುದು ಎಲ್ಲಿ ಎಂದು ತುಂಡು ತುಂಡು ಮಾಡಿ ಹುಡುಕುತ್ತಾ ಹೋದ ರುವೊಸ್ಲಾತಿ ಮತ್ತು ಮೈಕೆಲ್ ಪಿಯರ್ಶ್‌ಬಾಖರ್ 1984ರಲ್ಲಿ ಬಂದು ನಿಂತದ್ದು ಬೆರಳೆಣಿಕೆಯ ಅಮೈನೋ ಆಮ್ಲಗಳ ಮೇಲೆ. ಅದರ ತಿರುಳು ಮೂರಕ್ಷರ: ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ. ಸಂಕ್ಷೇಪದಲ್ಲಿ ಆರ್-ಜಿ-ಡಿ.

ಈ ಮೂರಕ್ಷರ ಇಂಟೆಗ್ರಿನ್ನಿನಲ್ಲಿ ಕೂರುವ ಜಾಗವನ್ನು ಅರ್ನಾಟ್ ಅವರ ತಂಡವೇ 2002ರಲ್ಲಿ ತೋರಿಸಿತು. ಅದು ಆಲ್ಫಾದ ಮೇಲೂ ಅಲ್ಲ, ಬೀಟಾದ ಮೇಲೂ ಅಲ್ಲ. ಎರಡೂ ಸೇರುವ ಸೀಳಿನಲ್ಲಿ. ಧನ ವಿದ್ಯುದಂಶವಿರುವ ಆರ್ಜಿನೀನ್ ಆಲ್ಫಾದ ಋಣ ಅಂಶಗಳತ್ತ ಕೈಚಾಚುತ್ತದೆ. ಋಣ ವಿದ್ಯುದಂಶವಿರುವ ಆಸ್ಪಾರ್ಟಿಕ್ ಆಮ್ಲ ಬೀಟಾ ಹಿಡಿದುಕೊಂಡಿರುವ ಲೋಹದ ಅಯಾನನ್ನು ಮುಟ್ಟುತ್ತದೆ. ನಡುವಿನ ಗ್ಲೈಸೀನ್ ಸೀಳಿನ ಮೇಲೆ ಸೇತುವೆಯಂತೆ. ಅಡಿಕೆ ಅಡಕತ್ತರಿಯ ಎರಡು ತೋಳುಗಳ ನಡುವೆ ಕೂರುವುದಲ್ಲದೆ ಮತ್ತೆಲ್ಲಿ ಕೂರಬೇಕು? ಅರ್ಧ ಜೋಡಿ ಅರ್ಧ ಕೆಲಸ ಮಾಡುವುದಿಲ್ಲ; ಅದು ಏನೂ ಮಾಡುವುದಿಲ್ಲ.

24 ಜೋಡಿಗಳೂ ಆರ್-ಜಿ-ಡಿಯನ್ನೇ ಹಿಡಿಯುತ್ತವೆ ಎಂದು ತಿಳಿಯಬೇಡಿ. ಅದನ್ನು ಗುರುತಿಸುವುದು ಎಂಟು ಜೋಡಿಗಳು. ಬಿಳಿ ಕಣಗಳ ನಾಲ್ಕು ಆಲ್ಫಾಗಳೂ ಸೇರಿ ಒಂಬತ್ತು ಆಲ್ಫಾಗಳ ತಲೆಯ ಮೇಲೆ ಹೆಚ್ಚುವರಿ ಒಂದು ಗಂಟು ಇದ್ದು, ಅವುಗಳಲ್ಲಿ ಹಿಡಿಯುವ ಕೆಲಸವನ್ನು ಆ ಗಂಟು ಮಾಡುತ್ತದೆ. ಆದರೂ ಅದನ್ನು ಸಡಿಲಿಸಿ ಬಿಗಿಯುವುದು ಪಕ್ಕದ ಬೀಟಾವೇ.

ಇನ್ನು ಹಾವಿನ ವಿಷಯ. ನಮ್ಮ ನಾಡಿನ ಒಣ ಪ್ರದೇಶಗಳಲ್ಲಿ ಕಾಣುವ ಗರಗಸ ಮಂಡಲ, ದೇಶದ ನಾಲ್ಕು ಪ್ರಮುಖ ವಿಷದ ಹಾವುಗಳಲ್ಲೊಂದು. ಅದರ ವಿಷದಲ್ಲಿ 49 ಅಮೈನೋ ಆಮ್ಲಗಳ ಎಕಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನು ಇದೆ. ಅದರ ಒಂದು ಕುಣಿಕೆಯ ತುದಿಯಲ್ಲಿ ಅದೇ ಆರ್-ಜಿ-ಡಿ! ಅದು ಪ್ಲೇಟ್‌ಲೆಟ್‌ಗಳ ಇಂಟೆಗ್ರಿನ್ನಿನ ಸೀಳಿಗೆ ಹೋಗಿ ಕುಳಿತರೆ ರಕ್ತ ಗಡ್ಡೆ ಕಟ್ಟಲು ನೆರವಾಗುವ ಪ್ರೋಟೀನಿಗೆ ಜಾಗವಿರುವುದಿಲ್ಲ. ಈ ಕುತಂತ್ರವನ್ನು ಮನುಷ್ಯ ತನ್ನ ಉಪಯೋಗಕ್ಕೆ ತಿರುಗಿಸಿಕೊಂಡ. ಎಕಿಸ್ಟಾಟಿನ್ನನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಟೈರೊಫೈಬಾನ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೃದಯದ ರಕ್ತನಾಳದಲ್ಲಿ ಗಡ್ಡೆ ಕಟ್ಟುವುದನ್ನು ತಡೆಯಲು ಇದನ್ನು ಬಳಸುತ್ತಾರೆ. ಪ್ಲೇಟ್‌ಲೆಟ್ಟಿನ ಆಲ್ಫಾ-ಎರಡು-ಬಿಯಲ್ಲಿ ಸೀಳಿನ ಆ ಬದಿಯ ಗುಂಡಿ ಉಳಿದವುಗಳಿಗಿಂತ ಆಳ. ಔಷಧಿಯ ಒಂದು ತುದಿಯನ್ನು ತಕ್ಕಷ್ಟು ಉದ್ದವಾಗಿಸಿದರೆ ಅದು ಆ ಜೋಡಿಯನ್ನಷ್ಟೇ ಹಿಡಿದು ಬೇರೆಯವುಗಳನ್ನು ಬಿಡುತ್ತದೆ.

ಪ್ಲೇಟ್‌ಲೆಟ್ಟಿನ ಈ ಜೋಡಿ ಹುಟ್ಟಿನಿಂದಲೇ ಇಲ್ಲದಿದ್ದರೆ ಏನಾಗುತ್ತದೆ? 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ ವಿವರಿಸಿದ ರೋಗ ಅದು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಎಂಬ ಕಿರುತಟ್ಟೆಗಳಿರಬೇಕು. ಈ ರೋಗಿಗಳಲ್ಲಿ ಎಣಿಕೆ ಸರಿಯಾಗಿಯೇ ಇರುತ್ತದೆ. ಆದರೆ ಮೂಗಿನಿಂದ, ಒಸಡಿನಿಂದ ರಕ್ತ ಸೋರಿದರೆ ನಿಲ್ಲದು. ಹುಡುಗಿಯರಿಗೆ ಮೊದಲ ಮುಟ್ಟೇ ಪ್ರಾಣಾಂತಿಕವಾಗಬಹುದು. ಮಾಮೂಲಿ ಪ್ಲೇಟ್‌ಲೆಟ್ ಒಂದರ ಮೇಲೆ ಆಲ್ಫಾ-ಎರಡು-ಬಿ ಬೀಟಾ-3ರ ಸುಮಾರು 80,000 ಪ್ರತಿಗಳಿರುತ್ತವೆ. ಫೈಬ್ರಿನೋಜನ್ ಎಂಬ ಪ್ರೋಟೀನು ಎರಡು ಪ್ಲೇಟ್‌ಲೆಟ್‌ಗಳ ಈ ಕೈಗಳನ್ನು ಹಿಡಿದು ಸೇರಿಸುತ್ತದೆ. ಕೈಗಳೇ ಇಲ್ಲದಿದ್ದರೆ ಎಷ್ಟು ಲಕ್ಷ ಇದ್ದರೇನು? 1974ರಲ್ಲಿ ಪ್ಯಾರಿಸ್ಸಿನ ನರ್ಡನ್ ಮತ್ತು ಕಾನ್ ಇಂಥ ಮೂವರು ರೋಗಿಗಳ ಪ್ಲೇಟ್‌ಲೆಟ್‌ಗಳನ್ನು ಪರೀಕ್ಷಿಸಿ, ಅವುಗಳ ಪೊರೆಯ ಪ್ರೋಟೀನುಗಳಲ್ಲೇ ಕೊರತೆ ಇದೆ ಎಂದು ತೋರಿಸಿದರು.

ಇಲ್ಲಿ ಗಮನಿಸಬೇಕಾದ ವಿಷಯ ಇದು. ಕೆಲವು ಕುಟುಂಬಗಳಲ್ಲಿ ಆಲ್ಫಾದ ಜೀನು ಕೆಟ್ಟಿದೆ, ಕೆಲವರಲ್ಲಿ ಬೀಟಾದ್ದು. ಎರಡು ಜೀನುಗಳೂ 17ನೆಯ ವರ್ಣತಂತುವಿನಲ್ಲೇ ಇವೆ. ಯಾವುದು ಕೆಟ್ಟರೂ ರಕ್ತಸ್ರಾವ ಒಂದೇ ಥರ, ಏಕೆಂದರೆ ಒಬ್ಬರಿಲ್ಲದೆ ಇನ್ನೊಬ್ಬರು ಹೊರಗೆ ಬರುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕ ನಿಂತು ಯಾವ ಜೀನು ಎಂದು ಹೇಳುವುದು ಸಾಧ್ಯವಿಲ್ಲ. ಪ್ರಯೋಗಶಾಲೆಯಲ್ಲಿ ಸಾಧ್ಯ: ಆಲ್ಫಾ-ಎರಡು-ಬಿ ಕೆಟ್ಟಿದ್ದರೆ ಆಲ್ಫಾ-ವಿ ಬೀಟಾ-3 ಉಳಿದಿರುತ್ತದೆ; ಬೀಟಾ-3 ಕೆಟ್ಟಿದ್ದರೆ ಅದೂ ಹೋಗಿರುತ್ತದೆ. ನಿಮ್ಮ ಕಾಗದದಲ್ಲಿ ಬೀಟಾ-3ರ ಕೆಳಗೆ ಬೆರಳಿಟ್ಟು ನೋಡಿದರೆ ಕಾರಣ ಕಾಣುತ್ತದೆ.

ಗ್ಲಾನ್ಸ್‌ಮನ್ ರೋಗ ಜಗತ್ತಿನಲ್ಲಿ ಅಪರೂಪ. ಆದರೆ ಇರಾಕಿ ಯಹೂದಿಗಳು, ಫ್ರಾನ್ಸಿನ ಜಿಪ್ಸಿಗಳು, ಕೆಲವು ಅರಬ್ ಸಮುದಾಯಗಳು ಇವರೊಂದಿಗೆ ದಕ್ಷಿಣ ಭಾರತದ ಹೆಸರೂ ವೈದ್ಯಕೀಯ ಪುಸ್ತಕಗಳಲ್ಲಿ ಬರುತ್ತದೆ. ಸೋದರಮಾವನಿಗೆ ಸೊಸೆಯನ್ನು, ಅತ್ತೆಯ ಮಗನಿಗೆ ಮಾವನ ಮಗಳನ್ನು ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ತಂದೆಯಲ್ಲೊಂದು, ತಾಯಿಯಲ್ಲೊಂದು ಕೆಟ್ಟ ಪ್ರತಿ ಅಡಗಿದ್ದರೆ ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಅವರ ಕೋಶಗಳ ಮೇಲೆ ಜೋಡಿಗಳು ಸುಮಾರು ಅರ್ಧದಷ್ಟು ಇರುತ್ತವೆ, ಅಷ್ಟು ಸಾಕಾಗುತ್ತದೆ. ಪ್ರತಿ ಹೆರಿಗೆಯಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಮನೆತನದವರಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಬಿಳಿ ಕಣಗಳ ಬೀಟಾ-2 ರೋಗಕ್ಕೂ ಇದೇ ಲೆಕ್ಕ. ಮನೆಯಲ್ಲಿ ಯಾವುದೋ ಮಗು ಹೀಗೆ ತೀರಿಕೊಂಡಿದ್ದರೆ ದೃಷ್ಟಿ, ಶಾಪ ಎಂದು ಕೈತೊಳೆದುಕೊಳ್ಳದೆ, ಮುಂದಿನ ಮಗುವಿಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೆಲವೇ ಹನಿ ರಕ್ತದಲ್ಲಿ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳ ಸಹಾಯದಿಂದ ಕೋಶಗಳ ಮೇಲೆ ಜೋಡಿ ಇದೆಯೇ ಇಲ್ಲವೇ ಎಂದು ನೋಡುವ ಫ್ಲೋ ಸೈಟೊಮೀಟರ್ ಯಂತ್ರಗಳು ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿವೆ. ಬೀಟಾ-2 ತೀವ್ರವಾಗಿ ಇಲ್ಲದ ಮಗುವಿಗೆ ಅಸ್ಥಿಮಜ್ಜೆ ಕಸಿ ಪ್ರಾಣ ಉಳಿಸಬಲ್ಲದು. ರೋಗಿಯದೇ ಮಜ್ಜೆಯ ಕೋಶಗಳಿಗೆ ಸರಿಯಾದ ಬೀಟಾ-2 ಜೀನನ್ನು ಸೇರಿಸಿ ಮರಳಿಸುವ ಪ್ರಯೋಗಗಳೂ ಮಕ್ಕಳಲ್ಲಿ ಒಳ್ಳೆಯ ಫಲ ಕೊಟ್ಟಿವೆ. ಸೇರಿಸಿದ್ದು ಬೀಟಾ ಒಂದನ್ನೇ. ಒಳಗೆ ಕಾದು ಕುಳಿತಿದ್ದ ಆಲ್ಫಾಗಳು ಅದನ್ನು ಕೂಡಿ ತಾವೇ ಹೊರಗೆ ಬರುತ್ತವೆ.

ಜೋಡಿಯಾಗಿ ಹೊರಗೆ ಬಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. 80,000 ಕೈಗಳೂ ಸದಾ ಚಾಚಿಕೊಂಡೇ ಇದ್ದರೆ ನಮ್ಮ ರಕ್ತ ನಾಳಗಳಲ್ಲೇ ಗಡ್ಡೆ ಕಟ್ಟೀತು. 2001ರ ಚಿತ್ರದಲ್ಲಿ ಎಲ್ಲರನ್ನೂ ಅಚ್ಚರಿಗೊಳಿಸಿದ್ದು ಇದೇ: ಇಂಟೆಗ್ರಿನ್ ನೆಟ್ಟಗೆ ನಿಂತಿರಲಿಲ್ಲ, ಮೊಣಕಾಲಿನಲ್ಲಿ ಮಡಿಚಿಕೊಂಡು ತಲೆಯನ್ನು ಪೊರೆಯ ಕಡೆ ಬಾಗಿಸಿತ್ತು. ಮಡಿಚಿದಾಗ ಅದರ ಎತ್ತರ ಸುಮಾರು 11 ನ್ಯಾನೋಮೀಟರ್, ನಿಂತಾಗ ಸುಮಾರು 20. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎನ್ನುತ್ತಾರೆ. ವಿಶ್ರಾಂತಿಯಲ್ಲಿ ಎರಡು ಕಾಲುಗಳೂ ಪೊರೆಯೊಳಗೆ ಒಂದಕ್ಕೊಂದು ತಗುಲಿಕೊಂಡಿರುತ್ತವೆ. ಒಳಬದಿಯಲ್ಲಿ ಆಲ್ಫಾದ ಒಂದು ಆರ್ಜಿನೀನ್, ಬೀಟಾದ ಒಂದು ಆಸ್ಪಾರ್ಟಿಕ್ ಆಮ್ಲ ಪರಸ್ಪರ ಸೆಳೆದು ಕೊಂಡಿ ಹಾಕಿರುತ್ತವೆ. ಗಾಯವಾದಾಗ ಕೋಶದೊಳಗಿನ ಟ್ಯಾಲಿನ್ ಎಂಬ ಪ್ರೋಟೀನು ಬೀಟಾದ ಬಾಲವನ್ನು ಹಿಡಿಯುತ್ತದೆ. ಕೊಂಡಿ ಕಳಚಿ ಕಾಲುಗಳು ಅಗಲುತ್ತವೆ, ಮೊಣಕಾಲು ನೆಟ್ಟಗಾಗುತ್ತದೆ, ತಲೆಯ ಬಾಯಿ ತೆರೆಯುತ್ತದೆ. ತಲೆಗಳು ಕೂಡಿರಬೇಕು, ಕಾಲುಗಳು ಸಮಯ ಬಂದಾಗ ಅಗಲಬೇಕು. ಈ ಅಗಲಿಕೆಯಲ್ಲಿ ಟ್ಯಾಲಿನ್ನಿಗೆ ನೆರವಾಗುವ ಕಿಂಡ್ಲಿನ್-3 ಎಂಬ ಪ್ರೋಟೀನು ಕೆಟ್ಟ ಮಕ್ಕಳಲ್ಲಿ ಜೋಡಿಗಳೆಲ್ಲ ಮೇಲ್ಮೈಯಲ್ಲಿ ಇದ್ದೂ ತೆರೆದುಕೊಳ್ಳುವುದಿಲ್ಲ. ಹಾಗಾಗಿ ಆ ಮಕ್ಕಳಿಗೆ ಮೊದಲು ಹೇಳಿದ ಸೋಂಕೂ ಉಂಟು, ಆಮೇಲೆ ಹೇಳಿದ ರಕ್ತಸ್ರಾವವೂ ಉಂಟು.

ಈಗ ಆ ಕಾಗದವನ್ನು ತೆಗೆಯಿರಿ. ಆಲ್ಫಾ-4ರ ಸಾಲಿನಲ್ಲಿ ಎರಡು ಗುರುತುಗಳಿವೆ: ಒಂದು ಬೀಟಾ-1ರ ಕೆಳಗೆ, ಇನ್ನೊಂದು ಬೀಟಾ-7ರ ಕೆಳಗೆ. ಬಿಳಿ ಕಣಗಳಿಗೆ ಮೊದಲನೆಯದು ಮಿದುಳಿನ ರಕ್ತನಾಳಗಳನ್ನು ದಾಟಲು ಬೇಕು, ಎರಡನೆಯದು ಕರುಳಿಗೆ ಇಳಿಯಲು ಬೇಕು. ದೇಹದ ಸ್ವಂತ ಬಿಳಿ ಕಣಗಳೇ ನರಗಳ ಮೇಲೆ ಬೀಳುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಕ್ಕೆ 2004ರಲ್ಲಿ ನಟಾಲಿಜುಮ್ಯಾಬ್ ಎಂಬ ಪ್ರತಿಕಾಯ ಔಷಧಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಅದು ಹಿಡಿಯುವುದು ಆಲ್ಫಾ-4ನ್ನು; ಆದ್ದರಿಂದ ಎರಡು ಜೋಡಿಗಳನ್ನೂ ತಡೆಯುತ್ತದೆ. ಕಾವಲುಗಾರರು ಮಿದುಳಿಗೆ ಹೋಗುವುದು ನಿಂತಾಗ, ಕೆಲವು ರೋಗಿಗಳಲ್ಲಿ ಸುಮ್ಮನೆ ಮಲಗಿದ್ದ ವೈರಸ್ಸೊಂದು ಮಿದುಳಿನಲ್ಲಿ ಎದ್ದು ಪ್ರಾಣಕ್ಕೆ ಎರವಾಯಿತು. 2005ರಲ್ಲಿ ಔಷಧಿಯನ್ನು ಹಿಂತೆಗೆದುಕೊಂಡು, 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ಮರಳಿ ತರಲಾಯಿತು. ಕರುಳಿನ ಉರಿಯೂತಕ್ಕೂ ಅದು ಪ್ರಯೋಜನಕಾರಿಯೇ. ಆದರೆ ಕರುಳಿನ ಕಾಯಿಲೆಗಾಗಿ ಮಿದುಳಿನ ಕಾವಲನ್ನು ತೆಗೆಯುವುದು ಯಾವ ನ್ಯಾಯ? 2014ರಲ್ಲಿ ಅನುಮತಿ ಪಡೆದ ವೆಡೊಲಿಜುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯ ಆಲ್ಫಾ-4 ಒಂದನ್ನೇ ಕಂಡರೆ ಸುಮ್ಮನಿರುತ್ತದೆ, ಬೀಟಾ-1ರ ಜೊತೆ ಕಂಡರೂ ಸುಮ್ಮನಿರುತ್ತದೆ. ಆಲ್ಫಾ-4 ಮತ್ತು ಬೀಟಾ-7 ಕೂಡಿದಾಗ ಉಂಟಾಗುವ ಆ ಒಂದು ಮೇಲ್ಮೈಯನ್ನು ಮಾತ್ರ ಅದು ಹಿಡಿಯುತ್ತದೆ. ಆದುದರಿಂದ ಕರುಳಿನ ಬಾಗಿಲು ಮುಚ್ಚಿ ಮಿದುಳಿನ ಬಾಗಿಲನ್ನು ತೆರೆದೇ ಇಡುತ್ತದೆ.